ಬೋರ್ಡೋ

ಓಬಕ್ಕನ ಬಾಯಲ್ಲಿ ಬೋರ್ಡೋ ಅಂದರೆ ನೀಲಿ.
ನೂರು ಲೀಟರ್ ನೀರಿಗೆ ಕೇಜಿ ಮೈಲುತುತ್ತ, ಕೇಜಿ ಸುಣ್ಣ,
ಎರಡು ಪ್ಲಾಸ್ಟಿಕ್ ಡ್ರಮ್ಮು, ಒಂದು ಹುಣಸೆ ಕೋಲು,
ಕೋಲಿನ ತುದಿಗೆ ನಾನು.
ಹಿರಿಯೂರ ಗುಡ್ಡದ ಗಾಳಿಫ್ಯಾನುಗಳು ಇನ್ನೂ ಕತ್ತಲಲ್ಲಿ
ಕೆಂಪು ದೀಪ ಮಿಟುಕಿಸುತ್ತಿರುವಾಗಲೇ ಶುರು.

"ತುತ್ತ ಸುಣ್ಣದ ಮನೆಗೆ ಹೋಗ್ಬೇಕು ಕಣ್ಲಾ ಗಾದ್ರಿ,
ಸುಣ್ಣ ತುತ್ತದ ಮನೆಗಲ್ಲ.
ನಿಧಾನಕ್ಕೆ ಹುಯ್ಯಿ, ಹೊಸ ಸೊಸೆ ಹೊಸಿಲು ದಾಟಿದಂಗೆ."
(ಅವಳು ಯಾರ ಹೊಸಿಲೂ ದಾಟಿದವಳಲ್ಲ.
ಗಂಡ ಪಾಲಯ್ಯನೇ ಟ್ರಂಕು ಹೊತ್ತು ಇವಳ ಮನೆಗೆ ಬಂದವನು.)

ಆಮೇಲೆ ಪರೀಕ್ಷೆ.
ಸೆರಗಲ್ಲಿ ಒರೆಸಿದ ಕುಡುಗೋಲು ಡ್ರಮ್ಮಿಗೆ ಇಳಿಸಿ
ಒಂದು ಎಲೆಅಡಿಕೆ ಅಗಿದು ಉಗಿಯುವಷ್ಟು ಹೊತ್ತು ಬಿಟ್ಟು
ಮೇಲೆತ್ತಿ ಸೂರ್ಯನಿಗೆ ಹಿಡಿಯುವಳು.
ಅಲಗು ಬೆಳ್ಳಗಿದ್ದರೆ ಸರಿ.
ಕೆಂಪು ಹತ್ತಿದ್ದರೆ, ತುಕ್ಕಲ್ಲ, ತುಕ್ಕಿಗಿಂತ ಎಳೆಯ ಕೆಂಪು,
ಹುಣಸೆಹಣ್ಣಲ್ಲಿ ತಿಕ್ಕಿದ ಚೊಂಬಿನಂಥದು,
"ಸುಣ್ಣ ಸಾಲ್ದು" ಅನ್ನುವಳು. ಅಷ್ಟೇ.
ಇನ್ನೊಂದು ಬೊಗಸೆ.

ಕೆಂಚಲಿಂಗಪ್ಪನ ಅಪ್ಪ ಮಾರಿಕಣಿವೆ ನಾಲೆಯ ನೀರಿಗೆ
ಕಬ್ಬು ಹಾಕುತ್ತಿದ್ದ ಹೊಲ ಇದು.
ಕಬ್ಬು ಹೋಯಿತು, ಹತ್ತಿ ಬಂತು, ಈರುಳ್ಳಿ,
ದಾಳಿಂಬೆ, ದಾಳಿಂಬೆಗೆ ಅಂಗಮಾರಿ,
ಕೊನೆಗೆ ಕಲ್ಲುಕಂಬ, ತಂತಿ, ಲಾರಿಯಲ್ಲಿ ಬಂದ ಸಸಿ.
ಹೆಸರು ಶಿರಾಜ್ ಅಂದಾಗ ಪಾಲಯ್ಯ
"ನಮ್ ಶಿರಾದ್ದೇನಾ? ಇಷ್ಟ್ ಹತ್ರದ್ದಕ್ಕೆ ಇಷ್ಟ್ ರೇಟಾ?" ಅಂದಿದ್ದ.
ಸವರುವುದ ಕಲಿಸಲು ಬಿಜಾಪುರದಿಂದ ಆರು ಜನ ಬಂದರು.
ಅವರು ಚಾಟ್ನಿ ಅಂದರು, ನಾವು ಚಟ್ನಿ ಅಂದುಕೊಂಡೆವು.
ಏಪ್ರಿಲಿಗೊಮ್ಮೆ ಕಡ್ಡಿಗೆ, ಅಕ್ಟೋಬರಿಗೊಮ್ಮೆ ಹಣ್ಣಿಗೆ,
ವರ್ಷಕ್ಕೆರಡು ಸಲ ಬೋಳಾಗಿ ನಿಲ್ಲುವ ಬಳ್ಳಿಯನ್ನು ನೋಡಿ
"ಯಾವ ದೇವ್ರ ಹರಕೆನೋ" ಅಂದಳು ಓಬಕ್ಕ.

ವೈನ್ ಕಂಪನಿಯ ಪಿಂಟೋ ಸಾಹೇಬರು ಬಂದದ್ದು ಮಾರ್ಚಿನಲ್ಲಿ.
ಒಂದು ಹಣ್ಣು ಹಿಂಡಿ, ದುರ್ಬೀನಿನಂಥದರಲ್ಲಿ ಸಕ್ಕರೆ ನೋಡಿದರು.
"ಇಪ್ಪತ್ಮೂರೂವರೆ!" ನಮಗೂ ತೋರಿಸಿದರು. ಒಳಗೆ
ಅರ್ಧ ತುತ್ತದ ನೀರು, ಅರ್ಧ ಸುಣ್ಣದ ಗೋಡೆ.
ಆ ಖುಷಿಯಲ್ಲೇ ಹೇಳಿದ್ದು: ಬೋರ್ಡೋ ಒಂದು ಊರು.
ಫ್ರಾನ್ಸಿನಲ್ಲಿ, ಹೊಳೆದಂಡೆಗೆ, ಕೆಂಪು ವೈನಿಗೇ ಹೆಸರಾದದ್ದು.
"ನಮ್ ವೇದಾವತಿಗಿಂತ ದೊಡ್ಡದಾ ಹೊಳೆ?"
"ನೀರಿರುತ್ತೆ" ಅಂದರು ಪಿಂಟೋ.
ಒಂದು ಕಾಲಕ್ಕೆ ಬೇರಿಗೆ ಹೇನು ಬಿದ್ದು ತೋಟ ತೋಟವೇ ಒಣಗಿತಂತೆ,
ಅಮೆರಿಕದ ಕಾಡುಬೇರಿಗೆ ಕಸಿ ಕಟ್ಟಿ ಉಳಿಸಿಕೊಂಡರಂತೆ.
ಅಮೆರಿಕದಿಂದ ಬೇರಿನ ಹಿಂದೆಯೇ ಬೂಜೂ ಬಂತು.
ದಾರಿಬದಿಯ ಸಾಲಿಗೆ ಮಾತ್ರ ಹತ್ತಲಿಲ್ಲ. ಯಾಕೆ?
ಹೋಗಿಬರುವವರು ಕಿತ್ತು ತಿನ್ನದಿರಲಿ, ವಿಷವೆಂದು ಹೆದರಲಿ ಅಂತ
ಅಲ್ಲಿಗಷ್ಟೇ ಯಾರೋ ತುತ್ತ ಸುಣ್ಣ ಕಲಸಿ ಎರಚಿದ್ದರು.

ಹೇನಿನ ಬಗ್ಗೆ ಓಬಕ್ಕ ಕೇಳಲಿಲ್ಲ, ಬೂಜಿನ ಬಗ್ಗೆಯೂ.
"ಅಲ್ಲೂ ಕಳ್ಳರಿದ್ರಾ?"
ಅಂದು ನನ್ನ ಕಡೆ ತಿರುಗಿದಳು.
ನಾನು ಬಾಯಿ ಬಿಡಲಿಲ್ಲ, ನಾಲಗೆ ಆಗಲೇ ನೇರಳೆ.

ಎಷ್ಟು ತೊಳೆದರೂ ಕೈ ಬಿಡದು ಅದು.
ಮುದ್ದೆ ಮುರಿದು ತುತ್ತು ಎತ್ತಿದರೆ ತುತ್ತದ ವಾಸನೆ.
ಅವತ್ತಿನಿಂದ ಕೋಲು ತಿರುವುವಾಗೆಲ್ಲ
ಡ್ರಮ್ಮಿನೊಳಗೆ ಒಂದು ಹೊಳೆ ಸುತ್ತುತ್ತಿತ್ತು,
ಆಚೆ ದಡದಲ್ಲಿ ಉಗುರು ನೀಲಿಯಾದ ಯಾರೋ
ಹುಡುಗರನ್ನು ಗದರುತ್ತಿದ್ದರು. ಭಾಷೆ ತಿಳಿಯದಿದ್ದರೂ
ಬೈಗುಳವೆಂದು ತಿಳಿಯುತ್ತಿತ್ತು.

ಮರುವರ್ಷ ಪಿಂಟೋ ಒಂದು ಬಾಟಲಿ ತಂದರು.
ಇದೇ ತೋಟದ್ದು ಅಂದರು, ನಂಬಿದೆವು.
ಟೀ ಅಂಗಡಿಯಿಂದ ಗಾಜಿನ ಲೋಟ ಇಸಕೊಂಡು ಬಂದೆ.
ಪಾಲಯ್ಯ ಒಂದೇ ಗುಟುಕಿಗೆ ಮುಗಿಸಿ ಮುಖ ಹಿಂಡಿದ.
ಓಬಕ್ಕ ಕುಡಿಯಲಿಲ್ಲ ಮೊದಲು.
ಲೋಟ ಎತ್ತಿ ಸೂರ್ಯನಿಗೆ ಹಿಡಿದಳು,
ಒಂದು ಎಲೆಅಡಿಕೆಯಷ್ಟು ಹೊತ್ತು.
"ಸುಣ್ಣ ಸಾಲ್ದು" ಅಂದಳು.
ಅಂದು, ಕುಡಿದಳು.